ಕಾಪು ಪಾದೆಯ 12 ಚೌಕ: ಬೋಲ್ಟು, ಪಾಚಿ, ಪಚ್ಚಿಲೆ – ಒಂದು ವರ್ಷದ ಕೆಲಸದ ದಾಖಲೆ

ಕಾಪು ದೀಪಸ್ತಂಭಕ್ಕೆ ತೆಂಕು ಬದಿಯ ಪಾದೆಯಲ್ಲಿ (ಕಡಲಂಚಿನ ಬಂಡೆಯಲ್ಲಿ) 50 ಸೆಂ.ಮೀ. ಉದ್ದಗಲದ 12 ಚೌಕ ಗುರುತು ಮಾಡಿ, ಅದರೊಳಗಿನ ಪಾಚಿ, ಪಚ್ಚಿಲೆ (ಕಲ್ಲಿಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪುಜೀವಿ), ಕಲ್ಲಿಗೆ ಕಚ್ಚಿಕೊಂಡಿರುವ ಸಣ್ಣ ಗಟ್ಟಿ ಕವಚದ ಬಾರ್ನಕಲ್, ಟೋಪಿಯಂಥ ಚಿಪ್ಪಿನ ಲಿಂಪೆಟ್ ಇವುಗಳ ಲೆಕ್ಕವನ್ನು ವರ್ಷಕ್ಕೆ ನಾಲ್ಕು ಸಲ ತೆಗೆಯುವ ಏರ್ಪಾಡು ಇದು. ಎಣಿಸುವುದು ಸುಲಭದ ಭಾಗ. ಮಳೆಗಾಲ ಕಳೆದ ಮೇಲೆ ಅದೇ ಅರ್ಧ ಮೀಟರ್ ಕಲ್ಲನ್ನು ಮತ್ತೆ ಹುಡುಕಿ, ಚೌಕಟ್ಟನ್ನು ಅದೇ ದಿಕ್ಕಿಗೆ ಕೂರಿಸುವುದೇ ನಿಜವಾದ ಕೆಲಸ. ಕ್ಯಾಲಿಫೋರ್ನಿಯಾದ ಚಾನೆಲ್ ಐಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಡಲೊಳಗಿನ ಕೆಲ್ಪ್ (ಮರದೆತ್ತರದ ಕಂದು ಪಾಚಿ) ಕಾಡಿನ ಲೆಕ್ಕ 1982ರಿಂದ ನಡೆಯುತ್ತಿದೆ. ಅಲ್ಲಿಯೂ ಬುಡದಲ್ಲಿರುವುದು ಕಡಲತಳಕ್ಕೆ ಕಾಯಂ ಆಗಿ ಬಿಗಿದ 100 ಮೀಟರಿನ ಒಂದು ಗೆರೆ. ಗುರುತು ಕಳೆದುಹೋದರೆ ಹಿಂದಿನ ಲೆಕ್ಕಕ್ಕೂ ಮುಂದಿನದಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಇಲ್ಲಿ ಬೋಲ್ಟಿನ ಮಾತೇ ಹೆಚ್ಚು.

17 ನವೆಂಬರ್ 2024 – ಜಾಗ

ಮೂರು ಜಾಗ ಯೋಚಿಸಿದ್ದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಎಣಿಕೆಗೆ ಚೆನ್ನಾಗಿದೆ, ಆದರೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಡ್ರಿಲ್ ಒಯ್ಯುವ ಮಾತೇ ಇಲ್ಲ. ಸೋಮೇಶ್ವರದ ರುದ್ರಪಾದೆ ಜನ ಕೈಮುಗಿಯುವ ಕಲ್ಲು, ಅದನ್ನೂ ಬಿಟ್ಟದ್ದು. ಉಳಿದದ್ದು ಕಾಪು. ದೀಪಸ್ತಂಭ ನಿಂತ ಬಂಡೆಯನ್ನು ಮುಟ್ಟದೆ, ಪ್ರವಾಸಿಗರು ಹತ್ತದ ತಗ್ಗು ಪಾದೆ ಆರಿಸಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡ ಮೇಲೆ ಕೆಲಸ ಶುರು.

ಗಟ್ಟಿ ಹವಳ ಇದೆಯೇ ಎಂದು ಮೊದಲು ನೋಡಬೇಕು. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ. ಇದ್ದ ಕಲ್ಲನ್ನು ಬಿಟ್ಟು ಮುಂದೆ ಹೋಗುವುದು. ಈ ಪಾದೆಯಲ್ಲಿ ಸಿಗಲಿಲ್ಲ. ಕೆಳಗಿನ ಬಿರುಕುಗಳಲ್ಲಿ ಹಸಿರು-ಕಂದು ಚಾಪೆಯ ಹಾಗೆ ಹರಡಿದ್ದು ಝೋಆಂತಿಡ್ ಎಂಬ ಮೆತ್ತನೆಯ ಕಡಲಜೀವಿ, ಗಟ್ಟಿ ಹವಳವಲ್ಲ.

ಮುಂಬಯಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಹೆಚ್ಚು ಅಂತರ ಇರುತ್ತದೆ. ನಮ್ಮಲ್ಲಿ ಒಂದೂವರೆ ಮೀಟರಿನ ಆಸುಪಾಸು. ಮೇಲಿನ ಬಾರ್ನಕಲ್ ಪಟ್ಟಿಯಿಂದ ಕೆಳಗಿನ ಸರ್ಗಾಸಮ್ (ಕಂದು ಕಡಲಪಾಚಿ) ಪಟ್ಟಿಯವರೆಗಿನ ಎಲ್ಲವೂ ಈ ಒಂದೂವರೆ ಮೀಟರಿನಲ್ಲಿ ಒತ್ತೊತ್ತಾಗಿ ಕೂತಿದೆ ಎಂದರ್ಥ. 10 ಸೆಂ.ಮೀ. ಮೇಲೆ ಕೆಳಗೆ ಆದರೆ ಬೇರೆಯದೇ ಬಳಗ. ಹಾಗಾಗಿ ಪ್ರತಿ ಚೌಕದ ಎತ್ತರ ಅಳೆದೇ ಜಾಗ ಗೊತ್ತು ಮಾಡಿದ್ದು. ಅಳೆಯಲು ಮೇಸ್ತ್ರಿಗಳ ಲೆವೆಲ್ ಪೈಪು ಸಾಕು: 10 ಮೀಟರ್ ಪಾರದರ್ಶಕ ಪೈಪು, ಒಳಗೆ ನೀರು, ಎರಡು ತುದಿಗೆ ಇಬ್ಬರು. ಪೈಪಿನೊಳಗೆ ಗುಳ್ಳೆ ಉಳಿದದ್ದರಿಂದ ಮೊದಲ ಸಲದ ಲೆಕ್ಕ 4 ಸೆಂ.ಮೀ. ತಪ್ಪಿತು. ಒಂದು ತುದಿಯನ್ನು ಬಕೆಟಿನಲ್ಲಿ ಮುಳುಗಿಸಿಟ್ಟು ಇನ್ನೊಂದು ತುದಿಯಿಂದ ನೀರು ಎಳೆದು ತುಂಬಿದರೆ ಗುಳ್ಳೆ ಬರುವುದಿಲ್ಲ.

ಮೇಲಿನ ಪಟ್ಟಿಗೆ ಚೌಕ 1ರಿಂದ 4, ನಡುವಿಗೆ 5ರಿಂದ 8, ಕೆಳಗೆ 9ರಿಂದ 12. ಇಳಿತದ ಸಮಯಕ್ಕೆ ನವಮಂಗಳೂರು ಬಂದರಿನ ಕೋಷ್ಟಕ ನೋಡಿದ್ದು. ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಆಳದ ಇಳಿತ ಯಾವುದೆಂದು ನೋಡದೆ ಹೋದರೆ 9ರಿಂದ 12ರ ಚೌಕ ನೀರಿನಿಂದ ಮೇಲೇಳುವುದೇ ಇಲ್ಲ.

1 ಡಿಸೆಂಬರ್ – ನಾಲ್ಕು ಆ್ಯಂಕರ್ ಫಾಸ್ಟ್ನರ್, ಪರೀಕ್ಷೆಗೆ

ಗೋಡೆಗೆ ಹಾಕುವ ಹಾಗಿನ 8 ಮಿ.ಮೀ. ಸ್ಟೀಲ್ ಆ್ಯಂಕರ್ ಫಾಸ್ಟ್ನರ್ ನಾಲ್ಕು, ತಲಾ 40 ರೂಪಾಯಿ. ತೂತು ಹೊಡೆದು, ಬಡಿದು, ನಟ್ ಬಿಗಿದದ್ದು. ಅರ್ಧ ಗಂಟೆಯ ಕೆಲಸ.

16 ಡಿಸೆಂಬರ್ – ನಾಲ್ಕೂ ದಂಡ

ಹದಿನೈದೇ ದಿನದಲ್ಲಿ ನಾಲ್ಕರ ಬುಡದಲ್ಲೂ ಕಂದು ತುಕ್ಕಿನ ಗೆರೆ, ಎರಡು ಕೈಯಲ್ಲೇ ತಿರುಗುತ್ತಿತ್ತು. ಕಾರಣ ಎರಡು. ಒಂದು, ಅಂಗಡಿಯಲ್ಲಿ ಬರೀ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಎಂದು ಕೇಳಿದ್ದು. 202, 304, 316 ದರ್ಜೆ ಮೂರೂ ಎಸ್‌ಎಸ್ಸೇ. ಕಡಲ ನೀರಿಗೆ ಬೇಕಾದದ್ದು ಮಾಲಿಬ್ಡಿನಮ್ ಸೇರಿದ 316. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಇಲ್ಲಿ ಉಪಯೋಗಕ್ಕಿಲ್ಲ, ಮೂರಕ್ಕೂ ಸರಿಯಾಗಿ ಅಂಟುವುದಿಲ್ಲ. ಸ್ಟೀಲ್ ವ್ಯಾಪಾರಿಗಳ ಬಳಿ ಬಾಟಲಿಯಲ್ಲಿ ಒಂದು ದ್ರಾವಣ ಇರುತ್ತದೆ. ತೊಟ್ಟು ಹಾಕಿ ಬ್ಯಾಟರಿ ತಾಗಿಸಿದರೆ 316 ಮಾತ್ರ ಬಣ್ಣ ತಿರುಗುತ್ತದೆ. ಎದುರಿಗೇ ಮಾಡಿಸಿ ನೋಡಿ ಕೊಳ್ಳಬೇಕು.

ಎರಡನೆಯದು, ಫಾಸ್ಟ್ನರ್ ಹಿಡಿಯುವುದು ಕಲ್ಲನ್ನು ಒಳಗಿನಿಂದ ಅಗಲಿಸಿ. ಅಲೆ ಬಡಿಯುವ ಕಡೆ ಮೇಲ್ಪದರ ಪುಡಿಯಾದ ಕಲ್ಲು ಅದರ ಬಾಯಿಯ ಹತ್ತಿರ ಚಕ್ಕೆ ಏಳುತ್ತದೆ. ಕಾಂಕ್ರೀಟಿಗೆ ಸರಿ, ಪಾದೆಗೆ ಅಲ್ಲ.

30 ಮತ್ತು 31 ಡಿಸೆಂಬರ್ – 27 ಸರಳು

316ರ 10 ಮಿ.ಮೀ. ಥ್ರೆಡ್ ಸರಳು, ಒಂದು ಮೀಟರಿನದು ಮೂರು. 10 ಸೆಂ.ಮೀ.ಯಂತೆ ಕತ್ತರಿಸಿ 27 ತುಂಡು: ಚೌಕಕ್ಕೆ ಎರಡರಂತೆ 24, ಮೇಲಿನ ಒಣ ಕಲ್ಲಿನಲ್ಲಿ ಆಧಾರ ಗುರುತಿಗೆ ಮೂರು. ನಾಲ್ಕು ಮೂಲೆಗೂ ಹಾಕಬಹುದಿತ್ತು, ಆದರೆ ಎದುರುಬದುರು ಎರಡು ಮೂಲೆ ಸಾಕು. ಕಲ್ಲಿಗೆ ಹೊಡೆಯುವ ಪ್ರತಿ ತೂತೂ ಅಲ್ಲಿರುವ ಬದುಕಿಗೆ ಒಂದು ಗಾಯ, ಲೆಕ್ಕಕ್ಕೂ ಅಷ್ಟೇ ಕೊರತೆ.

ಡ್ರಿಲ್: ಬಾಡಿಗೆಯ ಬ್ಯಾಟರಿ ರೋಟರಿ ಹ್ಯಾಮರ್, ದಿನಕ್ಕೆ 600. ಬಿಟ್ಟು (ಕೊರೆಯುವ ಮೊನೆ) 12 ಮಿ.ಮೀ., ತೂತಿನ ಆಳ 65 ಮಿ.ಮೀ. ಆಳ ತಪ್ಪದಿರಲು ಬಿಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದು. ಕಪ್ಪು ಕಲ್ಲು ಗಟ್ಟಿ, ಒಂದು ತೂತಿಗೆ ಎರಡರಿಂದ ಮೂರು ನಿಮಿಷ, ಒಂದು ಬ್ಯಾಟರಿಗೆ ಒಂಬತ್ತು ತೂತು. ಒಂದು ಬಿಟ್ಟು ಹದಿನಾಲ್ಕನೇ ತೂತಿಗೆ ಮೊಂಡಾಯಿತು. ಎರಡು ಕೈಯಲ್ಲಿರಲಿ.

ಸರಳು ಹಿಡಿಸಲು ಕಟ್ಟಡದವರು ಕಬ್ಬಿಣ ನೆಡುವಾಗ ಹಾಕುವ ಕೆಮಿಕಲ್ ಆ್ಯಂಕರ್ ಎಂಬ ಟ್ಯೂಬಿನ ಅಂಟು. ಒದ್ದೆ ತೂತಿಗೆ ಆಗುತ್ತದೆ ಎಂದು ಬರೆದಿರುವುದನ್ನೇ ತರಬೇಕು. ಒಂದು ತೂತಿನಲ್ಲಿ ಸರಳಿನ ಸುತ್ತ ಉಳಿಯುವ ಜಾಗ 2.3 ಮಿ.ಲೀ. ಮಾತ್ರ. ಲೆಕ್ಕದಲ್ಲಿ ಒಂದೇ ಟ್ಯೂಬ್ ಸಾಕಾಗಿ ಮಿಗಬೇಕಿತ್ತು, ಖರ್ಚಾದದ್ದು ಎರಡು. ತೂತಿನಿಂದ ತೂತಿಗೆ ಹೋಗುವಷ್ಟರಲ್ಲಿ ಮೂತಿಯೊಳಗೆ ಅಂಟು ಗಟ್ಟಿಯಾಗುತ್ತದೆ. ಆರು ತೂತು ಒಟ್ಟಿಗೆ ಕೊರೆದು, ತೊಳೆದು, ಆಮೇಲೆ ಒಂದೇ ಸಲಕ್ಕೆ ಆರಕ್ಕೂ ತುಂಬುವುದು ಸರಿಯಾದ ಕ್ರಮ. ಮೂತಿಯಿಂದ ಬರುವ ಮೊದಲ 10 ಸೆಂ.ಮೀ. ಅಂಟು ಸರಿಯಾಗಿ ಬೆರೆತಿರುವುದಿಲ್ಲ, ಬಣ್ಣ ಒಂದೇ ಸಮ ಆಗುವವರೆಗೆ ಚೆಲ್ಲಬೇಕು.

ಇಡೀ ಕೆಲಸ ನಿಂತಿರುವುದು ತೂತು ತೊಳೆಯುವುದರ ಮೇಲೆ. ಕಲ್ಲಿನ ಹುಡಿ, ಕಡಲ ನೀರು ಸೇರಿ ತೂತಿನ ಗೋಡೆಗೆ ಬೂದು ಬಣ್ಣದ ಕೆಸರು ಮೆತ್ತುತ್ತದೆ, ಬೆರಳಿಗೆ ಹಲ್ಲಿನ ಪೇಸ್ಟಿನ ಹಾಗೆ ನುಣ್ಣಗೆ. ಅಂಟು ಹಿಡಿಯುವುದು ಆ ಕೆಸರನ್ನು, ಕಲ್ಲನ್ನಲ್ಲ. ಸಿಹಿನೀರು ಹಾಕಿ ಬಾಟಲಿ ತೊಳೆಯುವ ಸಣ್ಣ ಬ್ರಷ್ಷಿನಿಂದ ಉಜ್ಜಿ, ರಬ್ಬರ್ ಬುರುಡೆಯಿಂದ ಊದಿ, ಮತ್ತೆ ಉಜ್ಜಿ, ಮತ್ತೆ ಊದಿ. ನೀರು ತಿಳಿಯಾಗಿ ಬರುವವರೆಗೆ.

ಇಲ್ಲಿ ಮಾಡಿದ ತಪ್ಪು: ಮೇಲಿನಿಂದ ಶುರು ಮಾಡಿದ್ದು. ಹತ್ತಿರ, ಒಣ, ಸುಲಭ ಎಂದು ಚೌಕ 1ರಿಂದ ಹೊರಟು ಕೆಳಗಿನ ಪಟ್ಟಿಗೆ ಬರುವಾಗ ನೀರು ತಿರುಗಿ ಏರುತ್ತಿತ್ತು. 11ರ ಎರಡು ತೂತನ್ನೂ ಅವಸರದಲ್ಲಿ ಒಂದೊಂದೇ ಸಲ ತೊಳೆದದ್ದು, ಅಂಟು ಬಿಗಿಯುವ ಮುಂಚೆ ಅಲೆ ಹತ್ತಿತು. ಪೊಟ್ಟಣದ ಮೇಲೆ ಬರೆದ ಬಿಗಿಯುವ ಅವಧಿಯನ್ನು ಒದ್ದೆ ಕಲ್ಲಿಗೆ ದುಪ್ಪಟ್ಟು ಹಿಡಿಯಬೇಕು. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ, ನೀರನ್ನು ಹಿಂಬಾಲಿಸಿ, ಅತಿ ಕೆಳಗಿನ ಚೌಕ ಮೇಲೆದ್ದ ಕೂಡಲೇ ಅಲ್ಲಿಂದ ಶುರು ಮಾಡಬೇಕು. ಮೇಲಿನದಕ್ಕೆ ಇಡೀ ದಿನ ಇದೆ.

ಪಚ್ಚಿಲೆ ತೆಗೆಯಲು ಬಂದವರು ನಿಂತು ಕೇಳಿದ್ದು: “ಇಲ್ಲಿ ಎಂಥ ಮಾರಾಯ್ರೆ, ಕಂಬ ಹಾಕ್ತಾರಾ?” ಕಂಬವಲ್ಲ, ಎಣಿಸಲಿಕ್ಕೆ ಗುರುತು ಎಂದು ಹೇಳಿ ಎಲ್ಲ ಚೌಕವನ್ನೂ ತೋರಿಸಿದ್ದು ಒಳ್ಳೆಯದಾಯಿತು. ಆಮೇಲೆ ಯಾವ ವಾರ ಯಾವ ಬದಿಯಲ್ಲಿ ಪಚ್ಚಿಲೆ ತೆಗೆದರೆಂದು ಅವರೇ ಹೇಳುತ್ತಾರೆ. ತೆಗೆಯಬೇಡಿ ಎನ್ನುವ ಹಕ್ಕು ಎಣಿಸುವವರಿಗಿಲ್ಲ. ಹಾಳೆಯಲ್ಲಿ ‘ಕೊಯ್ಲು’ ಎಂದು ಒಂದು ಕಾಲಂ ಸೇರಿಸಿದರೆ ಸಾಕು. ಇಲ್ಲದಿದ್ದರೆ ಪಚ್ಚಿಲೆ ಕಡಿಮೆಯಾದದ್ದು ಬಿಸಿಲಿಗೋ ಕತ್ತಿಗೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಜನವರಿ ಮೊದಲ ವಾರ – ಚೌಕಟ್ಟು

20 ಮಿ.ಮೀ. ಪಿವಿಸಿ ಪೈಪು, ನಾಲ್ಕು ಎಲ್ಬೋ. ಒಳ ಅಳತೆ 50 ಸೆಂ.ಮೀ., ಕರ್ಣ ಎರಡೂ 70.7 ಬರಬೇಕು. ಅಂಟು ಹಾಕಿದ ಕೂಡಲೇ ಕರ್ಣ ಅಳೆದು ತಿರುಚಿ ಸರಿಮಾಡಬೇಕು, ಒಂದು ನಿಮಿಷ ತಡವಾದರೆ ಅದು ವಜ್ರಾಕೃತಿಯಾಗಿಯೇ ಉಳಿಯುತ್ತದೆ. ಒಂದು ಚೌಕಟ್ಟು ಹಾಗೆ ಹೋಯಿತು.

ದಾರದ ಬಲೆ: ಮೂಲೆಯಿಂದ 2.5 ಸೆಂ.ಮೀ. ಬಿಟ್ಟು ಮೊದಲ ತೂತು, ಆಮೇಲೆ 5 ಸೆಂ.ಮೀ.ಗೆ ಒಂದರಂತೆ ಹತ್ತು. ಎರಡೂ ಕಡೆಯಿಂದ ಹತ್ತು ಹತ್ತು ದಾರ, ಕೂಡುವ ಬಿಂದು 100. ಒಂದು ಬಿಂದು ಶೇಕಡಾ ಒಂದು, ಮತ್ತೆ ಗುಣಿಸುವ ಗೋಜಿಲ್ಲ. ಹತ್ತಿ ದಾರ ಒದ್ದೆಯಾದರೆ ಸಡಿಲ, ಗಾಳದ ದಾರ ಕಣ್ಣಿಗೆ ಕಾಣುವುದಿಲ್ಲ. ಕೇಸರಿ ಬಣ್ಣದ 1 ಮಿ.ಮೀ. ನೈಲಾನ್ ಹಿಡಿಸಿತು.

ಪೈಪಿನ ಕೆಳಬದಿಗೆ ಅಲ್ಲಲ್ಲಿ 5 ಮಿ.ಮೀ. ತೂತು ಇರಲಿ. ಇಲ್ಲದಿದ್ದರೆ ಒಳಗೆ ಗಾಳಿ ಇದ್ದು, ನೀರು ನಿಂತ ಗುಂಡಿಯಲ್ಲಿ ಚೌಕಟ್ಟು ತೇಲುತ್ತದೆ.

ಉಬ್ಬುತಗ್ಗಿನ ಕಲ್ಲಿನಲ್ಲಿ ದಾರ ಕಲ್ಲಿಗಿಂತ 8-10 ಸೆಂ.ಮೀ. ಮೇಲಿರುತ್ತದೆ. ತಲೆ ಸ್ವಲ್ಪ ವಾಲಿದರೂ ಬಿಂದುವಿನ ಕೆಳಗೆ ಬೇರೆ ಏನೋ ಕಾಣುತ್ತದೆ. ಇದಕ್ಕೆ ಮದ್ದು ಎರಡನೇ ಬಲೆ: ಮೊದಲಿನದಕ್ಕಿಂತ 4 ಸೆಂ.ಮೀ. ಮೇಲೆ, ಅದೇ ಅಳತೆಯದು. ಮೇಲಿನ ಗಂಟೂ ಕೆಳಗಿನ ಗಂಟೂ ಒಂದರ ಮೇಲೊಂದು ಕೂತಂತೆ ಕಂಡಾಗ ಮಾತ್ರ ಓದುವುದು.

14 ಜನವರಿ 2025 – ಮೊದಲ ಲೆಕ್ಕ

ಇಬ್ಬರು, 12 ಚೌಕ, ಎರಡು ಇಳಿತ ಬೇಕಾಯಿತು. ಒಂದೇ ಇಳಿತದಲ್ಲಿ ಮುಗಿಸಬಹುದೆಂಬ ಅಂದಾಜು ತಪ್ಪು. ಒಂದು ಚೌಕಕ್ಕೆ 15 ನಿಮಿಷ.

ಬರೆಯಲು ಮರಳುಕಾಗದ ತಿಕ್ಕಿ ಮಂಜು ಮಾಡಿದ ಬಿಳಿ ಪಿವಿಸಿ ಹಾಳೆ, ಪೆನ್ಸಿಲ್. ಬಾಲ್‌ಪೆನ್ನು ಹತ್ತುವುದಿಲ್ಲ. ಬಾರ್ನಕಲ್ಲನ್ನು ಇಡೀ ಚೌಕದಲ್ಲಿ ಎಣಿಸಹೋದರೆ ಕತ್ತಲಾಗುತ್ತದೆ, ಮೂಲೆಯ 10×10 ಸೆಂ.ಮೀ. ಒಳಗೆ ಮಾತ್ರ. ಲಿಂಪೆಟ್, ಅಂದರೆ ಇಲ್ಲಿ ಹೆಚ್ಚಾಗಿ ಸೆಲ್ಲಾನ ರೇಡಿಯೇಟಾ, ಇಡೀ ಚೌಕದಲ್ಲಿ.

ಪಾಚಿಯನ್ನು ಜಾತಿ ಮಟ್ಟಕ್ಕೆ ಗುರುತಿಸುವ ಆಸೆ ಬಿಟ್ಟದ್ದು ಜಾಣತನ. ಕಲ್ಲಿನ ಮೇಲೆ ನಿಂತು ನಂಬಿ ಹೇಳಬಹುದಾದ ಗುಂಪು ಇಷ್ಟೇ: ಅಲೆ ಬಡಿಯುವಲ್ಲಿ ಕುಂಚದಂತೆ ನಿಲ್ಲುವ ಗಡಸು ಹಸಿರು ಎಳೆ (ಕೀಟೊಮಾರ್ಫಾ ಆ್ಯಂಟೆನಿನಾ), ಹಾಳೆಯಂಥ ಹಸಿರು (ಅಲ್ವಾ), ಬೀಸಣಿಗೆಯಂಥ ಕಂದು (ಪಡೀನಾ), ಸರ್ಗಾಸಮ್, ಕವಲೊಡೆದ ಗಟ್ಟಿ ಕೆಂಪು (ಗ್ರಾಸಿಲೇರಿಯ ಕಾರ್ಟಿಕೇಟಾ), ಕಲ್ಲಿಗೆ ಬಣ್ಣ ಬಳಿದಂತಿರುವ ಗುಲಾಬಿ ಪದರ, ಮತ್ತೆ ‘ಹುಲ್ಲುಹಾಸು’. ಈ ಕೊನೆಯದೇ ತಲೆನೋವು.

ಚೌಕ 7ನ್ನು ಇಬ್ಬರೂ ಬೇರೆಬೇರೆಯಾಗಿ ಓದಿದಾಗ ಒಬ್ಬರಿಗೆ ಹುಲ್ಲುಹಾಸು 31, ಇನ್ನೊಬ್ಬರಿಗೆ 18. ಕಲ್ಲು ಅದೇ, ಗಳಿಗೆಯೂ ಅದೇ. ಕೂತು ನೋಡಿದರೆ ವ್ಯತ್ಯಾಸ ಬಂದದ್ದು ಬೋಳು ಕಲ್ಲಿನ ಮೇಲಿನ ತೆಳು ಹಸಿರು ಮಬ್ಬನ್ನು ಏನೆಂದು ಕರೆಯಬೇಕು ಎನ್ನುವಲ್ಲಿ. ನಿಯಮ ಮಾಡಿದ್ದು: ಎರಡು ಬೆರಳಲ್ಲಿ ಚಿವುಟಿದರೆ ಎಳೆ ಸಿಕ್ಕಬೇಕು, ಎತ್ತರ 1 ಸೆಂ.ಮೀ. ಒಳಗಿರಬೇಕು. ಆಗ ಹುಲ್ಲುಹಾಸು. ಎಳೆ ಸಿಕ್ಕದಿದ್ದರೆ ಬೋಳು ಕಲ್ಲು. ಮತ್ತೆ ಓದಿದಾಗ 22 ಮತ್ತು 20. ಈಗ ಪ್ರತಿ ಸಲ ಕೆಲಸಕ್ಕೆ ಇಳಿಯುವ ಮೊದಲು ಒಂದು ಚೌಕವನ್ನು ಇಬ್ಬರೂ ಓದಿ, 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲೇ ಸರಿಪಡಿಸಿಕೊಂಡು ಮುಂದಕ್ಕೆ. ಸರ್ಗಾಸಮ್ ಮೇಲೆ ಹಾಸಿಕೊಂಡಿದ್ದರೆ ಮೊದಲು ಅದನ್ನು ಓದಿ, ಪಕ್ಕಕ್ಕೆ ಸರಿಸಿ, ಕೆಳಗಿನದನ್ನು ಮತ್ತೆ ಓದುವುದು. ಆಗ ಮೊತ್ತ 100 ದಾಟುತ್ತದೆ. ದಾಟಲಿ, ಅದನ್ನು ಎಳೆದು 100ಕ್ಕೆ ತರಬಾರದು.

ಫೋಟೊಕ್ಕೆ ಪೈಪಿನ ನಾಲ್ಕು ಕಾಲು, ಮೇಲೆ ಫೋನ್, ಎತ್ತರ 70 ಸೆಂ.ಮೀ. ಒದ್ದೆ ಪರದೆ ಬೆರಳಿಗೆ ಕೇಳುವುದಿಲ್ಲ, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ ಮಾಡಬೇಕು. ಒದ್ದೆ ಪಾಚಿ ಬಿಸಿಲಿಗೆ ಮಿಂಚಿ ಬಿಳಿಚುತ್ತದೆ. ಕಪ್ಪು ಕೊಡೆಯೊಂದನ್ನು ಇಡೀ ಚೌಕಕ್ಕೆ ನೆರಳು ಬೀಳುವಂತೆ ಹಿಡಿದರೆ ಮುಗಿಯಿತು. ಅರ್ಧ ನೆರಳು ಅರ್ಧ ಬಿಸಿಲಾದರೆ ಆ ಫೋಟೊ ಉಪಯೋಗಕ್ಕಿಲ್ಲ.

ಮನೆಗೆ ಬಂದು ಫೋಟೊ ಜೋಡಿಸುವಾಗ ಇನ್ನೊಂದು ತಪ್ಪು ಕಂಡಿತು. ಎದುರುಬದುರು ಮೂಲೆಗೆ ಎರಡು ಬೋಲ್ಟು ಇದ್ದರೆ ಚೌಕಟ್ಟು ಅರ್ಧ ಸುತ್ತು ತಿರುಗಿದರೂ ಸರಿಯಾಗಿಯೇ ಕೂರುತ್ತದೆ. ನಾಲ್ಕು ಚೌಕದ ಫೋಟೊ ತಲೆಕೆಳಗು. ಬಾರ್ನಕಲ್ ಎಣಿಸಿದ ‘ಮೂಲೆ’ಯೂ ಆ ನಾಲ್ಕರಲ್ಲಿ ಬೇರೆ ಮೂಲೆ. ಆ ನಾಲ್ಕರ ಬಾರ್ನಕಲ್ ಲೆಕ್ಕ ಹೊಡೆದುಹಾಕಿದ್ದು. ಈಗ ಬಡಗು-ಮೂಡು ಮೂಲೆಯ ಸರಳಿಗೆ ಎರಡು ನಟ್, ಚೌಕಟ್ಟಿನ ಅದೇ ಮೂಲೆಗೆ ಕೆಂಪು ಟೇಪು.

ಅದೇ ದಿನ ಗುಂಡಿಯಾಕಾರದ ನಾಲ್ಕು ಉಷ್ಣತೆ ಲಾಗರ್ (ತಾನಾಗಿ ಅಳೆದು ದಾಖಲಿಸುವ ಸಾಧನ) ಅಂಟಿಸಿದ್ದು: ಪಿವಿಸಿ ಮುಚ್ಚಳದೊಳಗೆ ಇಟ್ಟು, ಮೇಲೆ ಎಪಾಕ್ಸಿ ಹೊಯ್ದು. ಗಂಟೆಗೊಮ್ಮೆ ಅಳತೆ, ಒಟ್ಟು 2048 ಅಳತೆಯ ನೆನಪು. ಅಂದರೆ 85 ದಿನ. ಈ ಲೆಕ್ಕವನ್ನು ಅಂದೇ ಮಾಡಬೇಕಿತ್ತು.

21 ಫೆಬ್ರವರಿ – ಮುಳುಗಿದ ಪಾದೆಗೆ ಮೊದಲ ದೋಣಿ

ಇದು 12 ಚೌಕಕ್ಕಿಂತ ಬೇರೆ ಕೆಲಸ: ದಡದಿಂದ ಪಡುವಿಗೆ, ಐದು ಮೀಟರ್ ಆಳದಲ್ಲಿರುವ ಪಾದೆ. ಮೀನುಗಾರರಿಗೆ ಗೊತ್ತಿರುವ ಕಲ್ಲು, ಬಲೆ ಸಿಕ್ಕಿಕೊಳ್ಳುತ್ತದೆಂದು ತಪ್ಪಿಸಿ ಹೋಗುತ್ತಾರೆ. ಅಷ್ಟಮಿ ಹೊತ್ತಿಗೆ ಹೋದದ್ದು ನೀರಿನ ಸೆಳೆತ ಕಡಿಮೆ ಇರಲಿ ಎಂದು. ಆ್ಯಕ್ಷನ್ ಕ್ಯಾಮೆರಾವನ್ನು ಪೈಪಿನ ಮುಕ್ಕಾಲಿಗೆ ಕಟ್ಟಿ ಇಳಿಸಿದ್ದು, ಲೆನ್ಸಿಗೂ ಕಲ್ಲಿಗೂ 40 ಸೆಂ.ಮೀ. ಬಂದದ್ದು 60 ಹಸಿರು ಚಿತ್ರ. ಬರೀ ಹಸಿರು. ಇಲ್ಲಿನ ನೀರಿನಲ್ಲಿ ಆ ದಿನ ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ.

1 ಮಾರ್ಚ್ – ಮರಳು

ಮಳೆಗಾಲ ಕೊಚ್ಚಿದ ಮರಳನ್ನು ಬೇಸಗೆಯ ಕಡಲು ವಾಪಸ್ ತಂದು ಹಾಕುತ್ತದೆ. 10 ಮತ್ತು 12ರ ಮೇಲೆ ಒಂದು ಗೇಣು ಮರಳು. ಬಗೆದು ತೆಗೆದು ಎಣಿಸೋಣ ಎಂಬ ಯೋಚನೆ ಬಂದಿತ್ತು, ಮಾಡಲಿಲ್ಲ. ‘ಮರಳು 100’ ಎಂದು ಬರೆದು, ಸಲಾಕೆ ಚುಚ್ಚಿ ದಪ್ಪ ಅಳೆದು ಬಂದದ್ದು. ಮರಳಿನಡಿ ಉಸಿರುಕಟ್ಟಿ ಸಾಯುವುದೂ ಈ ಕಲ್ಲಿನ ಬದುಕಿನ ಭಾಗವೇ. ಗುದ್ದಲಿ ಹಾಕಿದರೆ ಮುಂದಿನ ಲೆಕ್ಕ ಗುದ್ದಲಿಯದ್ದಾಗುತ್ತದೆ.

6 ಏಪ್ರಿಲ್ – ತಿಳಿನೀರಿನ ಪೆಟ್ಟಿಗೆ

ಕೊಳೆ ನೀರಿನಲ್ಲಿ ಚಿತ್ರ ತೆಗೆಯಲು ಲೆನ್ಸಿಗೂ ಕಲ್ಲಿಗೂ ನಡುವಿನ ಕೊಳೆ ನೀರನ್ನೇ ತೆಗೆದು ಅಲ್ಲಿ ತಿಳಿನೀರು ಇಡುವುದು ಹಳೆಯ ಉಪಾಯ. 5 ಮಿ.ಮೀ. ಅಕ್ರಿಲಿಕ್ ಹಾಳೆ, ಬೋರ್ಡ್ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಕ್ಲೋರೋಫಾರ್ಮಿನಲ್ಲಿ ಅಂಟಿಸಿದ್ದು. ಗೋಪುರದ ಆಕಾರ: ತಳ 36×27 ಸೆಂ.ಮೀ., ಮೇಲೆ 10×8, ಎತ್ತರ 40. ಒಳಗೆ ಹಿಡಿಯುವ ನೀರು 17.7 ಲೀಟರ್.

ಗಾಳಿ ತುಂಬಿದರೆ ಅದನ್ನು ಮುಳುಗಿಸಲು ಹದಿನೈದು ಕೆಜಿಗೂ ಮಿಕ್ಕಿ ಭಾರ ಬೇಕು, ಸಿಹಿನೀರು ತುಂಬಿದರೆ ಕಡಲಲ್ಲಿ ಅದು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ನಾಲ್ಕು ಮೂಲೆಗೆ ಸೇರಿ 5 ಕೆಜಿ ಸೀಸ ಕಟ್ಟಿದರೆ ಕಲ್ಲಿನ ಮೇಲೆ ಕೂರುತ್ತದೆ. ನಲ್ಲಿ ನೀರನ್ನು ಆಗಲೇ ತುಂಬಿದರೆ ಗೋಡೆಗೆ ಗುಳ್ಳೆ ಕೂರುತ್ತದೆ. ಕುದಿಸಿ ಆರಿಸಿದ ನೀರು, ಒಳಗೋಡೆಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಸವರಿದ್ದು, ಇವೆರಡರಿಂದ ಗುಳ್ಳೆ ನಿಂತಿತು. ಚಿತ್ರದ ಅಂಚಿನಲ್ಲಿ ಪೆಟ್ಟಿಗೆಯ ಗೋಡೆ ಕಾಣುತ್ತದೆ, ಕ್ಯಾಮೆರಾದ ನೋಟ ತಳಕ್ಕಿಂತ ಅಗಲ. ಕತ್ತರಿಸಿ ತೆಗೆದರಾಯಿತು.

ಕೆಲಸ ಮಾಡಿತು. 22 ಸಲ ಇಳಿಸಿದ್ದರಲ್ಲಿ 14 ಚಿತ್ರದಲ್ಲಿ ಸ್ಪಂಜು, ಗುಲಾಬಿ ಪದರ, ಕೊಳವೆಹುಳದ ಬಿಳಿ ಗೆರೆ ಸ್ಪಷ್ಟ. ಉಳಿದ ಎಂಟರಲ್ಲಿ ಪೆಟ್ಟಿಗೆ ಉಬ್ಬಿನ ಮೇಲೆ ಓರೆಯಾಗಿ ಕೂತು ಸಂದಿಯಲ್ಲಿ ಕೊಳೆ ನೀರು.

ಕೊನೆಯ ಸಲ ದೋಣಿಗೆ ಎತ್ತುವಾಗ ತಳ ಕಿತ್ತು ಹೋಯಿತು. ಲೆಕ್ಕ ತಪ್ಪಿದ್ದು ಇಲ್ಲಿ: ನೀರೊಳಗೆ ಒಳಗೂ ಹೊರಗೂ ಒತ್ತಡ ಸಮ, ತಳದ ಹಾಳೆಗೆ ಏನೂ ಭಾರವಿಲ್ಲ. ಮೇಲಕ್ಕೆ ಎತ್ತಿದ ಕೂಡಲೇ 40 ಸೆಂ.ಮೀ. ನೀರಿನ ಒತ್ತಡ ಇಡೀ ತಳದ ಮೇಲೆ. ಒಳಗಿರುವ ನೀರು 17.7 ಕೆಜಿಯೇ ಆದರೂ ಗೋಡೆ ಒಳಕ್ಕೆ ವಾಲಿರುವುದರಿಂದ ತಳದ ಅಂಟಿಗೆ ಬೀಳುವುದು 39 ಕೆಜಿ. ಕ್ಲೋರೋಫಾರ್ಮ್ ಅಂಟಿಗೆ ಅದು ಜಾಸ್ತಿ. ಹಿಂದಿನ 21 ಸಲವೂ ಅದು ಸ್ವಲ್ಪಸ್ವಲ್ಪವೇ ಸೀಳುತ್ತಿತ್ತು. ಮೂಲೆಯಲ್ಲಿ ಬಿಳಿ ಗೆರೆ ಕಂಡದ್ದನ್ನು ಗೀರು ಎಂದು ಬಿಟ್ಟದ್ದು.

ರಿಪೇರಿ: ತಳದ ಸುತ್ತ 10 ಮಿ.ಮೀ. ಅಕ್ರಿಲಿಕ್ ಪಟ್ಟಿ ಒಳಗಿನಿಂದ, ಹೊರಗಿನಿಂದ ಸಿಲಿಕೋನ್. ತಳದ ಹತ್ತಿರ 25 ಮಿ.ಮೀ. ತೂತು, ರಬ್ಬರ್ ಬಿರಡೆ, ಅದಕ್ಕೆ ಬೇರೆ ಹಗ್ಗ. ಜಾಗದಿಂದ ಜಾಗಕ್ಕೆ ಪೆಟ್ಟಿಗೆಯನ್ನು ನೀರೊಳಗೇ ತೇಲಿಸಿ ಒಯ್ಯುವುದು, ಕೊನೆಗೆ ಬಿರಡೆ ಎಳೆದು ನೀರು ಸುರಿಯುತ್ತಿರುವಾಗ ನಿಧಾನ ಎತ್ತುವುದು. ಬಕೆಟಿನ ಮೇಲಿಟ್ಟು ನೋಡಿದ್ದಾಗಿದೆ, ಕಡಲಲ್ಲಿ ಇನ್ನೂ ಆಗಿಲ್ಲ. ಇಲ್ಲಿ ಕಾಯಂ ಗುರುತು ಇಲ್ಲದ ಕಾರಣ ಈ ಚಿತ್ರಗಳಿಂದ ಪಾದೆಯ ಸರಾಸರಿ ಮಾತ್ರ ಹೇಳಬಹುದು. ಚೌಕಗಳ ಲೆಕ್ಕದೊಂದಿಗೆ ಬೆರೆಸುವಂತಿಲ್ಲ.

13 ಮೇ, ಮತ್ತೆ 24 ಮೇ

13ಕ್ಕೆ ಮೂರನೇ ಲೆಕ್ಕ ಮುಗಿಯಿತು. ಕೀಟೊಮಾರ್ಫಾ ಸುಟ್ಟು ಬಿಳಿಚಿತ್ತು, ಅಲ್ವಾ ಬಹುತೇಕ ಇಲ್ಲ. ಲಾಗರ್ ಬಿಚ್ಚುವುದನ್ನು ಅಮಾವಾಸ್ಯೆಗೆ, 27ಕ್ಕೆ, ಇಟ್ಟದ್ದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ನಮ್ಮ ಕಡಲೂ ಕೂಡಲೇ ಎದ್ದಿತು. ಪತ್ತನಾಜೆಯ (ತುಳು ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತು) ಆಚೆಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ಬಿಚ್ಚುವುದಿದ್ದರೆ ಮೇ ನಡುವಿನ ಇಳಿತಕ್ಕೇ ಬಿಚ್ಚಿಬಿಡಬೇಕು.

8 ಅಕ್ಟೋಬರ್ – ಹುಡುಕಾಟ

24 ಸರಳಿನಲ್ಲಿ 19 ನೆಟ್ಟಗೆ, 2 ಬಾಗಿವೆ, 3 ಇಲ್ಲ. ಇಲ್ಲದ್ದು 9ರಲ್ಲಿ ಒಂದು, 11ರಲ್ಲಿ ಎರಡೂ. 11ರವು ಅಂದು ಅವಸರದಲ್ಲಿ ತೊಳೆದ ತೂತುಗಳೇ. 11ರ ಜಾಗದಲ್ಲಿ ಅಂಟಿನ ಕೊಳವೆ ಸಮೇತ ಸರಳು ಕಿತ್ತು ಬಂದ ನುಣ್ಣನೆಯ ತೂತು, ಒಳಗೆ ಬೂದು ಕೆಸರು ಇನ್ನೂ ಇದೆ. ಬಾಗಿದವು ಕಲ್ಲಿನಿಂದ 35 ಮಿ.ಮೀ. ಹೊರಗಿದ್ದವು. ತೇಲಿ ಬಂದ ಮರವೋ ಉರುಳಿದ ಕಲ್ಲೋ ತಾಗಿರಬೇಕು. ಅಷ್ಟು ಉದ್ದ ಬೇಕೇ ಇರಲಿಲ್ಲ, ವಾಷರ್, ನಟ್ಟಿಗೆ 15 ಮಿ.ಮೀ. ಸಾಕು.

ಉಳಿದವೂ ಕಣ್ಣಿಗೆ ಬೀಳುತ್ತಿರಲಿಲ್ಲ, ಮೇಲೆಲ್ಲ ಹೊಸ ಅಲ್ವಾ ಹೊದಿಕೆ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಅರ್ಧ ಮೀಟರ್ ಚೌಕಕ್ಕೆ ಅದು ಬರದು. ಹುಡುಕಿಕೊಟ್ಟದ್ದು ಟೇಪು: ಮೂರು ಆಧಾರ ಸರಳಿನಿಂದ ಪ್ರತಿ ಚೌಕಕ್ಕೆ ಬರೆದಿಟ್ಟ ಮೂರು ದೂರ. ಎರಡು ಟೇಪು ಕೂಡುವಲ್ಲಿ ನೋಡಿ, ಮೂರನೆಯದರಿಂದ ತಾಳೆ ಹಾಕಿದರೆ ಒಂದು ಹಿಡಿಯಷ್ಟು ಜಾಗದೊಳಗೆ ಸಿಗುತ್ತದೆ. 5 ಮತ್ತು 6ಕ್ಕೆ ಮಾತ್ರ ತಾಳೆಯಾಗಲಿಲ್ಲ. ಡಿಸೆಂಬರಿನಲ್ಲಿ ಅಳೆಯುವಾಗ ಟೇಪನ್ನು ಕಲ್ಲಿನ ಉಬ್ಬಿನ ಮೇಲೆ ಹಾಸಿದ್ದು, ಈಗ ಬಿಗಿಯಾಗಿ ಎಳೆದದ್ದು. ಎಳೆದೇ ಅಳೆಯಬೇಕು, ಹೇಗೆ ಅಳೆದದ್ದು ಎಂದೂ ಬರೆದಿಡಬೇಕು.

ಲಾಗರ್ ನಾಲ್ಕರಲ್ಲಿ ಎರಡು ಉಳಿದಿದ್ದವು. ಓದಿದರೆ ಜುಲೈ 15ರ ಈಚಿನದು ಮಾತ್ರ. ನೆನಪು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಬರೆಯುವ ಆಯ್ಕೆ ಚಾಲೂ ಇತ್ತು. ಬೇಕಿದ್ದದ್ದು ಏಪ್ರಿಲ್-ಮೇ ತಿಂಗಳ ಕಲ್ಲಿನ ಕಾವು, ಸಿಕ್ಕಿದ್ದು ಮಳೆಗಾಲದ ತಣ್ಣೀರು. ಆ ಆಯ್ಕೆ ನಿಲ್ಲಿಸಿ, ಎರಡು ಗಂಟೆಗೊಂದು ಅಳತೆ ಇಟ್ಟರೆ 170 ದಿನ ಬರುತ್ತದೆ. ಡಿಸೆಂಬರಿನಲ್ಲಿ ಹಾಕಿದರೆ ಮೇ ನಡುವಿನವರೆಗೆ ಸಾಕು.

6 ನವೆಂಬರ್ – ಮರುನೆಡುವಿಕೆ

9ಕ್ಕೆ ಒಂದು ಸರಳು ಉಳಿದಿತ್ತು. ಹಳೆಯ ಫೋಟೊದಲ್ಲಿನ ಕಲ್ಲಿನ ಬಿರುಕನ್ನು ಹೊಂದಿಸಿ ಎರಡನೆಯದನ್ನು ಅದೇ ಜಾಗಕ್ಕೆ ನೆಟ್ಟದ್ದು. 11ಕ್ಕೆ ಎರಡೂ ಇಲ್ಲ. ಹಳೆಯ ತೂತು ಕಂಡದ್ದರಿಂದ ಅದೂ ಉಳಿಯಿತು, ತೂತನ್ನು 14 ಮಿ.ಮೀ.ಗೆ ಅಗಲ ಮಾಡಿ, ತೊಳೆದು, ಮತ್ತೆ ಹಿಡಿಸಿದ್ದು. ತೂತೂ ಸಿಗದೇ ಹೋಗಿದ್ದರೆ ಅಂದಾಜಿಗೆ ನೆಟ್ಟು ‘11’ ಎಂದು ಕರೆಯುವಂತಿರಲಿಲ್ಲ, ಹೊಸ ಚೌಕಕ್ಕೆ 13 ಎಂದೇ ನಂಬರ್ ಕೊಡಬೇಕಿತ್ತು. ಉದ್ದ ಸರಳುಗಳನ್ನೆಲ್ಲ 15 ಮಿ.ಮೀ.ಗೆ ಕತ್ತರಿಸಿದ್ದು. ಕತ್ತರಿಸುವ ಮೊದಲು ನಟ್ ಹಾಕಿಟ್ಟು, ಕತ್ತರಿಸಿದ ಮೇಲೆ ಬಿಚ್ಚಿದರೆ ಥ್ರೆಡ್ ತಾನಾಗಿ ಸರಿಹೋಗುತ್ತದೆ.

ಖರ್ಚು

ಸರಳು 1,440, ಕೆಮಿಕಲ್ ಆ್ಯಂಕರ್ ಎರಡು 1,700, ಡ್ರಿಲ್ ಬಾಡಿಗೆ ಎರಡು ದಿನ 1,200, ಬಿಟ್ಟು 440, ನಟ್, ವಾಷರ್ 300, ಪೈಪು, ಎಲ್ಬೋ, ದಾರ 380, ಅಕ್ರಿಲಿಕ್ ಕತ್ತರಿಸಿದ್ದು ಸೇರಿ 1,900, ಲಾಗರ್ ನಾಲ್ಕು 7,200, ದೋಣಿ ಎರಡು ಸಲ 6,000, ದಂಡವಾದ ಫಾಸ್ಟ್ನರ್ 160. ಒಟ್ಟು 20,720 ರೂಪಾಯಿ. ನವೆಂಬರಿನ ರಿಪೇರಿಯ ಡ್ರಿಲ್ ಬಾಡಿಗೆ ಮತ್ತು ಹೊಸ ಟ್ಯೂಬು ಇದರಲ್ಲಿಲ್ಲ. ಮತ್ತೆ ಮಾಡುವುದಿದ್ದರೆ ಲಾಗರ್ ಎರಡಕ್ಕೆ ಇಳಿಸಿ, ಆ ಹಣದಲ್ಲಿ ಸ್ವಂತ ಡ್ರಿಲ್ ಕೊಳ್ಳುವುದು ಮೇಲು. ಬಾಡಿಗೆ ಡ್ರಿಲ್ಲಿಗೆ ಉಪ್ಪುನೀರು ತಾಗಿದರೆ ಅಂಗಡಿಯವರು ಎರಡನೇ ಸಲ ಕೊಡುವುದಿಲ್ಲ.

ಬಾಕಿ ಉಳಿದದ್ದು: ಡಿಸೆಂಬರಿನ ಅಷ್ಟಮಿಗೆ ಪೆಟ್ಟಿಗೆ ಕಡಲಿಗೆ. ಬಿರಡೆಯ ಹಗ್ಗ ಸೀಸದ ಹಗ್ಗಕ್ಕೆ ಸುತ್ತಿಕೊಳ್ಳದಂತೆ ಬೇರೆ ಬಣ್ಣದ್ದು ಕಟ್ಟಬೇಕು.